ಮೋಡಣ್ಣನ ಮೂರನೆಯವಳು

ಕೈ ಎತ್ತಿದ್ದಷ್ಟೇ ತಪ್ಪು. ಅದೂ ಬೇಕೆಂದು ಎತ್ತಿದ್ದಲ್ಲ, ತಾನಾಗಿ ಎದ್ದದ್ದು. ಕೊಡೆ ಕಾರ್ಖಾನೆಯ ಅಂಗಳದಲ್ಲಿ, ಬೆಳಗಿನ ಚಹಾದ ಹೊತ್ತಿನಲ್ಲಿ, ಎಲ್ಲರ ತಲೆಗಳ ಮೇಲೆ ಮೋಡಣ್ಣನ ಬಲಗೈ ನಿಧಾನವಾಗಿ, ನೀರೊಳಗಿಂದ ದಂಟೊಂದು ಏಳುವ ಹಾಗೆ ಮೇಲಕ್ಕೆ ಹೋಯಿತು. ಮಣಿಕಟ್ಟು ಒಂದಿಷ್ಟೇ ಬಾಗಿತ್ತು. ಬೆರಳುಗಳು ಒಂದಕ್ಕೊಂದು ತಾಗಿಯೂ ತಾಗದ ಹಾಗಿದ್ದವು. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಸರಿಯಾಗಿ ಆ ಗಳಿಗೆಯಲ್ಲೇ ಕಡ್ಡಿ ಜೋಡಿಸುವ ವಿಭಾಗದ ಹಿರಿಯ ಕಡ್ಡಿಮಾಮ, "ಹಾಗಾದ್ರೆ ಯಜಮಾನಿ ಹತ್ರ ಹೋಗಿ ಮಾತಾಡೋರು ಯಾರ್ರಪ್ಪಾ?" ಎಂದು ಕೇಳಿದ್ದ.

ಅಂಗಳದ ತಲೆಗಳೆಲ್ಲ ಆ ಕೈಯ ಕಡೆ ತಿರುಗಿದವು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

"ನೋಡ್ರೀ! ನಮ್ಮ ಮೋಡಣ್ಣ!" ಎಂದು ಹೊಲಿಗೆಯಕ್ಕ ಕೂಗಿದಳು. ಹೊಲಿಗೆ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಅವಳ ನಾಲಿಗೆ ಅವಳ ಮಿಷನ್ನಿಗಿಂತ ವೇಗವಾಗಿ ಓಡುತ್ತಿತ್ತು, ದಾರವೂ ಬೇಕಿರಲಿಲ್ಲ. "ಮೆತ್ತಗಿರೋರೇ ಸಮಯ ಬಂದಾಗ ಎದ್ದು ನಿಲ್ಲೋದು. ಉಳಿದೋರೆಲ್ಲ ಬರೀ ಬಾಯಿ!"

ಮೋಡಣ್ಣ ಕಣ್ಣು ಬಿಟ್ಟ. ಕೈ ಇನ್ನೂ ಮೇಲೆಯೇ ಇತ್ತು. ಅದನ್ನು ಯಾರದೋ ಕೈಯನ್ನು ನೋಡುವ ಹಾಗೆ ನೋಡಿದ. ನಿಂತಲ್ಲೇ ನಿಂತು ಅವನು ಎಲ್ಲೋ ಹೋಗಿಬಂದಿದ್ದ. ಅದು ಅವನ ಅಭ್ಯಾಸ. ಅದಕ್ಕೇ ಕಾರ್ಖಾನೆಯವರು ಅವನಿಗೆ ಮೋಡಣ್ಣ ಎಂದು ಹೆಸರಿಟ್ಟಿದ್ದು. ಕೊಡೆ ಮಾಡುವ ಜಾಗದಲ್ಲಿ ಮೋಡವೂ ಒಂದಿರಲಿ ಎಂದು ನಗುತ್ತಿದ್ದರು.

ಅವನ ಕೆಲಸ ಕೊಡೆ ಪರೀಕ್ಷೆ. ತಯಾರಾದ ಪ್ರತಿ ಕೊಡೆಯನ್ನೂ ದೀಪದ ಕೆಳಗೆ ಬಿಚ್ಚಬೇಕು, ಬಟ್ಟೆಯಲ್ಲಿ ಸಣ್ಣ ತೂತೇನಾದರೂ ಇದೆಯೇ ನೋಡಬೇಕು, ಒಂದು ಸುತ್ತು ತಿರುಗಿಸಿ ಕಡ್ಡಿ ನೆಟ್ಟಗಿದೆಯೇ ಎಂದು ಕಂಡುಕೊಳ್ಳಬೇಕು, ಮುಚ್ಚಬೇಕು. ಬೇರೆಯವರಿಗೆ ಅದು ಕೊಡೆ. ಮೋಡಣ್ಣನಿಗೆ ಬೆರಳ ತುದಿಯ ಮೇಲೆ ನಿಂತು ಸುತ್ತುವ ಹುಡುಗಿಯ ಪಾವಡೆ. ಗುಂಡಿ ಒತ್ತಿದಾಗ ಫಟ್ ಎಂದು ಅರಳಿ, ದೀಪದ ಕೆಳಗೆ ಸುರ್ರನೆ ಸುತ್ತಿ, ಮತ್ತೆ ಮೈಮುದುಡಿಕೊಂಡು ಪೆಟ್ಟಿಗೆ ಸೇರುವಾಗ ಪ್ರತಿ ಕೊಡೆಗೂ ಅವನು ಮನಸ್ಸಿನಲ್ಲೇ ಒಂದು ಚಪ್ಪಾಳೆ ತಟ್ಟುತ್ತಿದ್ದ.

ಬ್ಯಾಲೆ ಎಂಬ ಈ ಕುಣಿತದ ಹುಚ್ಚು ಅವನಿಗೆ ಹತ್ತಿದ್ದು ನಲ್ಲಿಯಿಂದ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಅದನ್ನು ರಿಪೇರಿ ಮಾಡುವುದು ಹೇಗೆಂದು ಟಿ.ವಿ.ಯಲ್ಲಿ ಒಂದು ವಿಡಿಯೋ ಹಾಕಿಕೊಂಡು ಕೂತಿದ್ದ. ವಿಡಿಯೋ ಮುಗಿಯಿತು, ಮುಂದಿನದು ತಾನಾಗಿ ಶುರುವಾಯಿತು. ಕತ್ತಲೆಯ ರಂಗ, ನೀಲಿ ಬೆಳಕು, ಸಾಲಾಗಿ ಬಂದು ನಿಂತ ಹುಡುಗಿಯರು. ಮೋಡಣ್ಣ ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಕೊನೆಯ ತನಕ ನೋಡಿದ. ನಲ್ಲಿ ಇವತ್ತಿಗೂ ಸೋರುತ್ತಿದೆ.

ಆಮೇಲೆ ಅವನು ನೋಡದ ಬ್ಯಾಲೆ ಇಲ್ಲ. ನಾಟಕಶಾಲೆಯ ಬಾಗಿಲನ್ನೂ ಕಂಡವನಲ್ಲ, ಎಲ್ಲವೂ ಮನೆಯ ಪುಟ್ಟ ಟಿ.ವಿ.ಯಲ್ಲಿ. ಆದರೆ ಅದರಿಂದ ತನಗೇನೂ ನಷ್ಟವಾಗಿಲ್ಲ ಎಂಬುದು ಅವನ ದೃಢವಾದ ನಂಬಿಕೆ. ಮುಂದಿನ ಸಾಲಿನಲ್ಲಿ ಕೂತ ಶ್ರೀಮಂತರಿಗೆ ಎಗರಿದ ಹುಡುಗಿ ಎಗರಿದಷ್ಟೇ ಬೇಗ ಇಳಿದುಬಿಡುತ್ತಾಳೆ. ಅವನ ಮನೆಯಲ್ಲಿ ಇಂಟರ್ನೆಟ್ ನಿಧಾನವಾದರೆ ಅವಳು ಗಾಳಿಯಲ್ಲೇ ನಿಂತುಬಿಡುತ್ತಿದ್ದಳು, ಕಾಲು ಚಾಚಿ, ಕೂದಲು ಹಾರಾಡಿ, ಪರದೆಯ ನಡುವೆ ಸಣ್ಣ ಚಕ್ರವೊಂದು ಸುತ್ತುತ್ತಿರುವಾಗ. ಅವನು ಉಸಿರು ಬಿಗಿಹಿಡಿದು ಕೂರುತ್ತಿದ್ದ. ಹೆಂಡತಿ ಬಂದು "ಏನ್ರೀ, ನಿಂತುಹೋಯ್ತಾ?" ಎಂದರೆ "ಶ್, ಇನ್ನೂ ಮೇಲಿದ್ದಾಳೆ" ಎನ್ನುತ್ತಿದ್ದ. ಹೂವಿನ ಹಾಗೆ ಇಳಿಯುತ್ತಾರೆ ಎಂದು ಜನ ಹೊಗಳುವುದೂ ಅರ್ಧ ಸತ್ಯವೇ ಎಂದು ಅವನು ಕಂಡುಕೊಂಡಿದ್ದ. ಕಿವಿಗೆ ಹೆಡ್‌ಫೋನ್ ಹಾಕಿ ಸಂಗೀತದ ಸಂದಿಯಲ್ಲಿ ಗಮನವಿಟ್ಟು ಕೇಳಿದರೆ ಯಾರೋ ಬಾಗಿಲು ತಟ್ಟಿದ ಹಾಗೆ ಅವರ ಕಾಲಸದ್ದು ಟಕ್, ಟಕ್ ಎಂದು ಕೇಳುತ್ತದೆ. ಆ ಸದ್ದು ಕೇಳಿದ ಮೇಲೆ ಅವನಿಗೆ ಅವರ ಮೇಲೆ ಗೌರವ ಇನ್ನೂ ಹೆಚ್ಚಾಗಿತ್ತು.

ಎಲ್ಲರೂ ನಾಯಕಿಯನ್ನು ನೋಡಿದರೆ ಮೋಡಣ್ಣ ನೋಡುತ್ತಿದ್ದದ್ದು ಹಿಂದಿನ ಸಾಲನ್ನು. ಅಲ್ಲಿ ಎಡಗಡೆಯಿಂದ ಮೂರನೆಯವಳು. ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಕ್ಯಾಮರಾ ಅವಳ ಮೇಲೆ ನಿಲ್ಲುತ್ತಲೂ ಇರಲಿಲ್ಲ, ನಾಯಕಿಯನ್ನು ಅಟ್ಟಿಸಿಕೊಂಡು ಹೋಗುವ ದಾರಿಯಲ್ಲಿ ಅವಳನ್ನು ಸವರಿಕೊಂಡು ಹೋಗುತ್ತಿತ್ತು ಅಷ್ಟೇ. ಉಳಿದವರೆಲ್ಲ ಸಂಗೀತ ಬಂದಾಗ ಗಲ್ಲ ಎತ್ತಿದರೆ, ಮೂರನೆಯವಳು ಒಂದು ಕೂದಲೆಳೆ ಮೊದಲೇ ಎತ್ತುತ್ತಿದ್ದಳು, ಸಂಗೀತ ಬರುತ್ತಿದೆಯೆಂದು ಅವಳಿಗೆ ಮಾತ್ರ ಯಾರೋ ಕಿವಿಯಲ್ಲಿ ಹೇಳಿದ ಹಾಗೆ.

ಇವತ್ತು ಸಂಜೆ ಆರು ಗಂಟೆಗೆ ಆ ಮೂರನೆಯವಳು ಮೊಟ್ಟಮೊದಲ ಸಲ ಒಬ್ಬಳೇ ಕುಣಿಯುವವಳಿದ್ದಳು. ಬ್ಯಾಲೆ ತಂಡದವರು ಇಂಟರ್ನೆಟ್ಟಿನಲ್ಲಿ ಅವಳ ಫೋಟೋ ಹಾಕಿ ತಿಳಿಸಿದ್ದರು. ನೇರಪ್ರಸಾರ ಒಂದೇ ಸಲ, ಮತ್ತೆ ತೋರಿಸುವುದಿಲ್ಲ ಎಂದೂ ಬರೆದಿದ್ದರು. ಬೆಳಿಗ್ಗೆಯಿಂದ ಮೋಡಣ್ಣನ ತಲೆಯಲ್ಲಿ ಅದೇ ಓಡುತ್ತಿತ್ತು. ಅಂಗಳದಲ್ಲಿ ನಿಂತಾಗ ಆ ಫೋಟೋದ ಕೈ ನೆನಪಾಯಿತು, ಇವನ ಕೈಯೂ ಅದರ ಜತೆ ಎದ್ದಿತು.

"ಏನು ಮಾತಾಡಬೇಕು ನಾನು?" ಎಂದು ಅವನು ಮೆಲ್ಲಗೆ ಕೇಳಿದ.

"ಅಯ್ಯೋ ಇವನ! ಬೋರ್ಡ್ ನೋಡಲಿಲ್ವಾ? ಮಳೆಗಾಲದ ಆರ್ಡರ್ ಜಾಸ್ತಿ ಅಂತ ಇವತ್ತಿನಿಂದಲೇ ಒಂದು ಗಂಟೆ ಹೆಚ್ಚು ಕೆಲಸವಂತೆ. ಐದಕ್ಕೆ ಬಿಡಲ್ಲ, ಆರಕ್ಕಂತೆ," ಎಂದಳು ಹೊಲಿಗೆಯಕ್ಕ.

"ಆರಕ್ಕಾ?"

ಮೋಡಣ್ಣನ ಮುಖದ ಬಣ್ಣ ಹೋಯಿತು. "ನಡೀರಿ," ಎಂದ.

ಆ ಒಂದು ಮಾತಿಗೆ ಅಂಗಳದಲ್ಲಿ ಮತ್ತೊಮ್ಮೆ ಚಪ್ಪಾಳೆ ಬಿತ್ತು. ಮೆತ್ತಗಿನ ಮನುಷ್ಯ ಇಷ್ಟು ಗಡುಸಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಯಜಮಾನಿಯ ಕೋಣೆ ಇದ್ದದ್ದು ಮೇಲಂತಸ್ತಿನಲ್ಲಿ. ಮೆಟ್ಟಿಲ ತನಕ ಮೆರವಣಿಗೆಯೇ ಬಂತು. ಹೊಲಿಗೆಯಕ್ಕ ದಾರಿಯುದ್ದಕ್ಕೂ ಪಾಠ ಹೇಳಿದಳು. "ಜಾಸ್ತಿ ಮಾತಾಡಬೇಡ. ಮಾತಾಡೋರನ್ನ ಕಂಡ್ರೆ ಯಜಮಾನಿಗೆ ಆಗಲ್ಲ. ಸುಮ್ಮನೆ ಕೂತಿರು. ಎದುರಿನೋರು ಸುಮ್ಮನಿದ್ರೆ ಯಾರಿಗಾದ್ರೂ ಗಾಬರಿ ಆಗುತ್ತೆ. ನನಗಂತೂ ಆಗುತ್ತೆ."

ಕಡ್ಡಿಮಾಮ ಅವನ ಹೆಗಲ ಮೇಲೆ ಕೈಹಾಕಿ ಮೆಚ್ಚುಗೆಯಿಂದ ಕೇಳಿದ: "ನಿಜ ಹೇಳು ಮಾರಾಯ, ಎಲ್ಲಿಂದ ಬಂತು ಈ ಧೈರ್ಯ?"

ಮೋಡಣ್ಣ ಸುಳ್ಳು ಹೇಳುವವನಲ್ಲ. "ಮೂರನೆಯವಳಿಗೋಸ್ಕರ ಮಾಮ. ಆರಕ್ಕೆ ಬರ್ತಾಳೆ. ನಾನು ಇರಲೇಬೇಕು," ಎಂದು ಹೇಳಿ ಮೆಟ್ಟಿಲು ಹತ್ತಿದ.

ಕಡ್ಡಿಮಾಮನ ಕೈ ಗಾಳಿಯಲ್ಲೇ ಉಳಿಯಿತು.

ಮೇಲೆ ಮ್ಯಾನೇಜರ್ ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಮ್ಯಾನೇಜರ್ ಸಾಧು ಮನುಷ್ಯ. ಕಂಕುಳಲ್ಲಿ ಯಾವಾಗಲೂ ಸ್ಯಾಂಪಲ್ಲಿನ ಮಡಚುವ ಕೊಡೆ ಇರುತ್ತಿತ್ತು, ಗಾಬರಿಯಾದಾಗ ಅದರ ಗುಂಡಿಯ ಮೇಲೆ ಬೆರಳು ಬಿದ್ದು ಅದು ಬಿಚ್ಚಿಕೊಳ್ಳುತ್ತಿತ್ತು. "ಅಮ್ಮ ವ್ಯಾಪಾರಿಗಳ ಜತೆ ಇದ್ದಾರೆ. ಕಾಯ್ತಾ ಇರು. ನಾನು ಹೇಳಿದೆ ಅಂತ ಮಾತ್ರ ಹೇಳಬೇಡ," ಎಂದರು. ಏನು ಹೇಳಿದರು ಎಂದು ಮೋಡಣ್ಣನಿಗೆ ತಿಳಿಯಲಿಲ್ಲ. ಮ್ಯಾನೇಜರಿಗೂ ತಿಳಿಯಲಿಲ್ಲ. ಕೊಡೆ ಫಟ್ಟೆಂದು ಬಿಚ್ಚಿಕೊಂಡಿತು.

ಅವನು ಕಾಯುತ್ತ ಕೂತ. ಕಿಟಕಿಯಿಂದ ಕೆಳಗಿನ ಒಣಗುವ ಅಂಗಳ ಕಾಣುತ್ತಿತ್ತು. ಹೊಸ ಬಟ್ಟೆಯ ಬಿಳಿ ಕೊಡೆಗಳನ್ನು ನೀರು ತಡೆಯುವ ಲೇಪ ಒಣಗಲೆಂದು ಸಾಲಾಗಿ ಬಿಚ್ಚಿಟ್ಟಿದ್ದರು. ಗಾಳಿ ಬಂದಾಗ ಸಾಲೆಲ್ಲ ಒಟ್ಟಿಗೆ ಒಂದು ಕಡೆಗೆ ವಾಲಿ, ಮತ್ತೆ ಒಟ್ಟಿಗೆ ನೆಟ್ಟಗಾಗುತ್ತಿತ್ತು. ಮೋಡಣ್ಣ ಹಸಿವನ್ನೂ ಮರೆತು ಅದನ್ನೇ ನೋಡುತ್ತಿದ್ದ. ಅಂಥ ಕಡೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ.

ಕೆಳಗಡೆ ಮಾತ್ರ ಸುದ್ದಿ ಕುದಿಯುತ್ತಿತ್ತು. ಊಟದ ಹೊತ್ತಿಗೆ ಮೋಡಣ್ಣನಿಗೆ ಮೂರನೆಯವಳೊಬ್ಬಳಿದ್ದಾಳೆ ಎಂಬುದು ಇಡೀ ಕಾರ್ಖಾನೆಗೆ ಗೊತ್ತಾಗಿತ್ತು. ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನೂ ಗೇಟಿನ ಪೆಟ್ಟಿಗೆಯಲ್ಲಿರುವುದರಿಂದ ಹೊಲಿಗೆಯಕ್ಕ ಊಟ ಬಿಟ್ಟು ಗೇಟಿಗೆ ಓಡಿದಳು, ಮೋಡಣ್ಣನ ಹೆಂಡತಿಗೆ ಫೋನ್ ಹಚ್ಚಿದಳು.

"ತಂಗೀ, ಧೈರ್ಯ ತಂದುಕೋ. ಹೇಳಬಾರದು, ಆದ್ರೂ ಹೇಳ್ತೀನಿ. ನಿನ್ನ ಗಂಡನಿಗೆ... ಯಾರೋ ಮೂರನೆಯವಳು..."

"ಹೂಂ ಅಕ್ಕ, ಗೊತ್ತು," ಎಂದಳು ಹೆಂಡತಿ ಆ ಕಡೆಯಿಂದ, ಪಾತ್ರೆ ತೊಳೆಯುತ್ತ. "ಇವತ್ತು ಆರಕ್ಕೆ ಬರ್ತಾಳೆ."

"ಆಂ? ಎಲ್ಲಿಗೆ?"

"ಮನೆಗೇ. ಇನ್ನೆಲ್ಲಿಗೆ? ಅವಳು ಬಂದ್ರೆ ನಮ್ಮೋರಿಗೆ ಪ್ರಪಂಚವೇ ಬೇಡ. ನಾನು ಪಕ್ಕದಲ್ಲಿ ಬಟ್ಟೆ ಮಡಚ್ತಾ ಕೂತಿರ್ತೀನಿ. ಒಂದೊಂದ್ಸಲ ಅಲ್ಲೇ ನಿದ್ದೆ ಹೋಗ್ತೀನಿ."

"ನಿನಗೆ... ಬೇಜಾರಾಗಲ್ವಾ?"

"ಶುರುವಲ್ಲಿ ಆಗ್ತಿತ್ತು ಅಕ್ಕ. ಈಗ ಅಭ್ಯಾಸ ಆಗಿದೆ. ಪಾಪ, ಹುಡುಗಿ ತುಂಬ ಕಷ್ಟಪಡ್ತಾಳೆ."

ಹೊಲಿಗೆಯಕ್ಕ ಫೋನಿಟ್ಟು ಕಟ್ಟೆಯ ಮೇಲೆ ಕುಸಿದಳು. ಅವಳ ಜೀವನದಲ್ಲಿ ಅವಳಿಗೆ ಮಾತು ಸಿಗದೆ ಹೋದದ್ದು ಅದೇ ಮೊದಲು. ಅದು ಬಹಳ ಹೊತ್ತು ಉಳಿಯಲಿಲ್ಲ ಎನ್ನುವುದು ಬೇರೆ ಮಾತು.

ಸಂಜೆಯಾಗುತ್ತ ಬಂದಾಗ ಮೋಡಣ್ಣನಿಗೆ ಕರೆ ಬಂತು. ಯಜಮಾನಿ ದೊಡ್ಡ ಮೇಜಿನ ಹಿಂದೆ ಕೂತಿದ್ದರು. ಕಾಲು ಎರಡೂ ನೀಲಿ ಪ್ಲಾಸ್ಟಿಕ್ ಟಬ್ಬಿನ ಬಿಸಿನೀರಿನಲ್ಲಿದ್ದವು. ಒಂದು ಹಳೇ ಮಿಷನ್ನಿನಿಂದ ಇಷ್ಟು ದೊಡ್ಡ ಕಾರ್ಖಾನೆ ಕಟ್ಟಿದ ಹೆಂಗಸು. ಅವರು ನಕ್ಕಿದ್ದನ್ನು ಕಂಡವರಿರಲಿಲ್ಲ.

"ಕೂತ್ಕೋ. ಏನು ಸಮಾಚಾರ?"

ಮೋಡಣ್ಣ ಹೊಲಿಗೆಯಕ್ಕನ ಪಾಠ ನೆನೆದು ಸುಮ್ಮನೆ ಕೂತ. ಯಜಮಾನಿಯ ತಲೆಯ ಮೇಲಿದ್ದ ಗಡಿಯಾರವನ್ನು ನೋಡಿದ.

"ಒಂದು ಗಂಟೆ ಜಾಸ್ತಿ ಆಯ್ತು ಅಂತ ತಾನೆ ಬಂದಿರೋದು?"

ಮೋಡಣ್ಣ ಗಡಿಯಾರ ನೋಡಿದ.

"ಮಾತಾಡಲ್ವಾ? ಸರಿ. ಅರ್ಧ ಗಂಟೆ ಮಾಡೋಣ."

ಗಡಿಯಾರದ ಮುಳ್ಳು ಚಲಿಸಿತು. ಮೋಡಣ್ಣನ ಕಣ್ಣಲ್ಲಿ ನೀರು ಬಂತು.

"ಏನಯ್ಯಾ ಇದು!" ಯಜಮಾನಿ ಟಬ್ಬಿನಲ್ಲಿ ಕಾಲು ಅಲುಗಿಸಿದರು. ನೀರು ಚೆಲ್ಲಿತು. "ಬೈಯೋರನ್ನ ನೋಡಿದ್ದೀನಿ, ಕಾಲು ಹಿಡಿಯೋರನ್ನ ನೋಡಿದ್ದೀನಿ. ಸುಮ್ಮನೆ ಕೂತು ಅಳೋನನ್ನ ಇವತ್ತೇ ನೋಡಿದ್ದು. ಬಾಯಿ ಬಿಟ್ಟು ಹೇಳು, ಯಾಕೆ ಹೋಗಬೇಕು ನಿನಗೆ?"

ಆಗ ಅವನಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟ. ಸೋರುವ ನಲ್ಲಿಯಿಂದ ಶುರುಮಾಡಿದ. ಗಾಳಿಯಲ್ಲಿ ನಿಂತುಬಿಡುವ ಹುಡುಗಿಯರ ಬಗ್ಗೆ ಹೇಳಿದ. ಹಿಂದಿನ ಸಾಲಿನ ಬಗ್ಗೆ ಹೇಳಿದ. ಎಷ್ಟೋ ವರ್ಷ ಹಿಂದಿನ ಸಾಲಿನಲ್ಲೇ ನಿಂತು, ಮುಂದಿನವಳು ಚೆನ್ನಾಗಿ ಕಾಣಲಿ ಎಂದು ಕುಣಿದವಳು ಇವತ್ತು ಮುಂದೆ ಬರುತ್ತಾಳೆ ಎಂದ. "ಅವಳು ಬಂದಾಗ ಅವಳ ಗುರುತಿರೋರು ಒಬ್ಬರಾದ್ರೂ ನೋಡ್ತಾ ಇರಬೇಕಲ್ವಾ ಅಮ್ಮ? ಅವಳಿಗೆ ಗೊತ್ತಾಗಲ್ಲ, ನಿಜ. ಆದ್ರೂ."

ಯಜಮಾನಿ ಟಬ್ಬಿನಿಂದ ಒಂದು ಕಾಲು ಮೇಲೆತ್ತಿ ಮತ್ತೆ ಇಳಿಸಿದರು. ಆಮೇಲೆ ಕೇಳಿದರು: "ಬೆರಳ ತುದಿ ಮೇಲೆ ನಿಲ್ತಾರೆ ಅಂದ್ಯಲ್ಲ. ಕಾಲು ನೋಯಲ್ವಾ?"

"ನೋಯುತ್ತಂತೆ. ಉಗುರೆಲ್ಲ ಕಪ್ಪಾಗುತ್ತಂತೆ. ರಕ್ತ ಬರುತ್ತಂತೆ."

"ಮತ್ತೆ ಮುಖ?"

"ನಗ್ತಾ ಇರುತ್ತೆ."

ಯಜಮಾನಿ ಬಗ್ಗಿ ತಮ್ಮ ಊದಿದ ಪಾದಗಳನ್ನು ನೋಡಿಕೊಂಡರು. "ನಾನೂ ಇಡೀ ಜೀವಮಾನ ನಿಂತೇ ಕೊಡೆ ಮಾಡಿದೆ," ಎಂದರು. "ನಗಬಹುದು ಅಂತ ಯಾರೂ ಹೇಳಿಕೊಡಲಿಲ್ಲ." ಆಮೇಲೆ ಗಂಟೆ ಒತ್ತಿದರು. ಮ್ಯಾನೇಜರ್ ಓಡಿಬಂದರು. "ಆ ಒಂದು ಗಂಟೆ ರದ್ದು ಮಾಡ್ರೀ."

ಮೋಡಣ್ಣ ಎದ್ದ, ತೇಲಿದ, ಬಾಗಿಲ ತನಕ ಹೋದ.

"ನಿಲ್ಲು. ಎಲ್ಲಿಗೆ ಹೊರಟೆ?"

"ಮನೆಗೆ ಅಮ್ಮ. ಶುರುವಾಗುತ್ತೆ..."

"ಇಷ್ಟೆಲ್ಲ ಹೇಳಿ ನನಗೆ ತೋರಿಸದೆ ಹೋಗ್ತೀಯಾ? ಮಾಲು ಕಳಿಸೋ ದೊಡ್ಡ ಹಾಲಿನಲ್ಲಿ ವ್ಯಾಪಾರಿಗಳಿಗೆ ಪರದೆ ಮೇಲೆ ಡಿಸೈನ್ ತೋರಿಸೋ ಯಂತ್ರ ಇದೆಯಲ್ಲ, ಅದರಲ್ಲಿ ಹಾಕಿಸು. ನಾವಿಬ್ಬರೇ ಯಾಕೆ, ಎಲ್ಲರೂ ನೋಡಲಿ. ಗೇಟು ಹಾಕಿಸಿ ಮ್ಯಾನೇಜರೇ. ಮುಗಿಯೋ ತನಕ ಯಾರೂ ಹೊರಡೋ ಹಾಗಿಲ್ಲ."

ಕೆಳಗೆ ಅಂಗಳದಲ್ಲಿ ಮ್ಯಾನೇಜರ್ ಮೊದಲನೆಯ ಸುದ್ದಿ ಹೇಳಿದಾಗ ಎದ್ದ ಕೂಗಿಗೆ ತಗಡಿನ ಮಾಡು ನಡುಗಿತು. ಕಡ್ಡಿಮಾಮನೂ ಅವನ ಕಡೆಯವರೂ ಮೋಡಣ್ಣನನ್ನು ಹೆಗಲ ಮೇಲೆತ್ತಿಕೊಂಡರು. ಜೀವನದಲ್ಲಿ ಮೊದಲ ಸಲ ಅವನು ನಿಜವಾಗಿಯೂ ನೆಲದಿಂದ ಮೇಲಿದ್ದ. ಹೀಗಿರುತ್ತದೆ ಅವರಿಗೆ, ಎಂದುಕೊಂಡ. ಅಷ್ಟರಲ್ಲಿ ಮ್ಯಾನೇಜರ್ ಎರಡನೆಯ ಸುದ್ದಿ ಹೇಳಿದರು. ಕೂಗು ನಿಂತಿತು. ಹಿಡಿದಿದ್ದ ಕೈಗಳು ಒಂದೊಂದಾಗಿ ಕಳಚಿಕೊಂಡವು.

"ಒಂದು ಗಂಟೆ ಉಳಿಸಿಕೊಡು ಅಂತ ಕಳಿಸಿದ್ರೆ ಎರಡು ಗಂಟೆ ಕಳೆದುಕೊಂಡು ಬಂದನಲ್ಲೋ!" ಎಂದ ಕಡ್ಡಿಮಾಮ, ನೆಲದ ಮೇಲೆ ಕೂತಿದ್ದ ಮೋಡಣ್ಣನನ್ನು ನೋಡಿ. "ಅದಕ್ಕೆ ಸಂಬಳ ಆದರೂ ಬರ್ತಿತ್ತು!"

"ನಿನ್ನ ಮೂರನೆಯವಳನ್ನ ನಾವೆಲ್ಲ ಯಾಕಪ್ಪಾ ನೋಡಬೇಕು? ನಾಚಿಕೆ ಆಗಲ್ವಾ ನಿನಗೆ!" ಎಂದಳು ಹೊಲಿಗೆಯಕ್ಕ.

ಮೋಡಣ್ಣನಿಗೆ ಇದೊಂದೂ ಕೇಳಿಸಲಿಲ್ಲ. ಸೊಂಟ ಸವರಿಕೊಂಡು ಹಾಲಿಗೆ ಓಡಿದ. ಅಲ್ಲಿ ಗೋಡೆಯಿಂದ ಗೋಡೆಗೆ ಬಿಳಿ ಕೊಡೆಬಟ್ಟೆ ಕಟ್ಟಿದ್ದರು. ಅಷ್ಟು ದೊಡ್ಡ ಪರದೆ! ಟಿ.ವಿ.ಯಲ್ಲಿ ಹೆಬ್ಬೆರಳಿನಷ್ಟಿದ್ದವಳನ್ನು ಇವತ್ತು ಆಳೆತ್ತರಕ್ಕೆ ನೋಡುತ್ತೇನಲ್ಲ ಎಂದು ಅವನ ಎದೆ ಹೊಡೆದುಕೊಂಡಿತು. ಮುಂದಿನ ಸಾಲಿನ ನಡುವಿನ ಕುರ್ಚಿ ಹಿಡಿದು ಕೂತ. ಪಕ್ಕಕ್ಕೆ ಯಜಮಾನಿಯನ್ನೂ ಅವರ ಟಬ್ಬನ್ನೂ ತಂದು ಕೂರಿಸಿದರು. ಹಿಂದೆ ಇಡೀ ಕಾರ್ಖಾನೆ ಗೊಣಗುತ್ತ ತುಂಬಿಕೊಂಡಿತು.

"ನೀನ್ಯಾಕೆ ಕೂತೆ?" ಎಂದರು ಯಜಮಾನಿ.

"ನೋಡೋಕೆ ಅಮ್ಮ."

"ನಿನಗೆ ಗೊತ್ತಿರೋದೇ ಅಲ್ವಾ? ಇವರಿಗೆ ಏನು ಅರ್ಥ ಆಗುತ್ತೆ? ನನಗೇ ಆಗಲ್ಲ. ಮುಂದೆ ನಿಂತು ಹೇಳ್ತಾ ಹೋಗು. ಏ ಕರೆಂಟಿನವನೇ, ಇವನಿಗೆ ಮೈಕು ಕೊಡು."

ಕರೆಂಟಿನ ಕೆಲಸದವನು ಮೈಕು ತಂದ. ಅದಕ್ಕೆ ಹಿಡಿ ಇರಲಿಲ್ಲ. ಕೊಡೆಗೆ ತೇಪೆ ಹಾಕುವ ಕಪ್ಪು ಟೇಪಿನಿಂದ ಅದನ್ನು ಮೋಡಣ್ಣನ ಕೊರಳಿಗೆ ಸುತ್ತಿ ಸುತ್ತಿ ಅಂಟಿಸಿದ. ಬಿರುಮಳೆಗೂ ಬಿಡದ ಟೇಪು ಅದು. ಹಾಗೆಂದು ಪರೀಕ್ಷೆ ಮಾಡಿ ಮುದ್ರೆ ಒತ್ತಿದವನು ಮೋಡಣ್ಣನೇ.

ಪರದೆಯ ಪಕ್ಕದಲ್ಲಿ, ಜನರ ಕಡೆ ಮುಖ ಮಾಡಿ ಅವನನ್ನು ನಿಲ್ಲಿಸಿದರು. ದೀಪ ಆರಿತು. ಬೆನ್ನ ಹಿಂದೆ ಸಂಗೀತ ಶುರುವಾಯಿತು. ಮೋಡಣ್ಣ ನೋಡಲೆಂದು ತಿರುಗಿದ. ಕೊರಳ ಮೈಕು ಸ್ಪೀಕರಿನ ಕಡೆ ತಿರುಗಿದ್ದೇ ತಡ, ನೂರು ಬೆಕ್ಕುಗಳ ಬಾಲ ಒಟ್ಟಿಗೆ ತುಳಿದ ಹಾಗೆ ಕುಂಯ್ಯ್ಯ್ ಎಂದು ಕಿರುಚಿತು. ಎಲ್ಲರೂ ಕಿವಿ ಮುಚ್ಚಿಕೊಂಡರು.

"ತಿರುಗಬೇಡ!" ಎಂದು ಇಡೀ ಹಾಲು ಕೂಗಿತು.

ಅವನು ಜನರ ಕಡೆ ತಿರುಗಿದ. ಕಿರುಚಾಟ ನಿಂತಿತು. ಇನ್ನೇನು ಮಾಡುವುದು? ಈ ಬ್ಯಾಲೆಯ ತಾಲೀಮಿನ ತುಣುಕುಗಳನ್ನು ನೋಡಿ ನೋಡಿ ಸಂಗೀತವೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಕಿವಿಯಿಂದಲೇ ನೋಡುತ್ತ ಹೇಳತೊಡಗಿದ.

"ಇದು ಸಮುದ್ರದ ದಡ. ಇವರೆಲ್ಲ ಮೀನುಗಾರರ ಹೆಂಡತಿಯರು. ಗಂಡಂದಿರ ದೋಣಿಗೆ ಕಾಯ್ತಾ ಇದ್ದಾರೆ."

"ಎಷ್ಟು ಹೊತ್ತಿನಿಂದ?" ಎಂದಳು ಹೊಲಿಗೆಯಕ್ಕ ಕತ್ತಲಲ್ಲಿ.

"ಬಿರುಗಾಳಿ ಬಂದಾಗಿನಿಂದ ಅಕ್ಕ."

"ಮತ್ತೆ ಅಡುಗೆ?"

"ಶ್!" ಎಂದರು ಯಜಮಾನಿ.

ಬಿರುಗಾಳಿ ಎದ್ದಿತು, ಇಳಿಯಿತು. ಹೆಂಗಸರು ಓಡಿದರು, ಕುಸಿದರು. ಮೋಡಣ್ಣ ಎಲ್ಲವನ್ನೂ ಹೇಳಿದ. ತನಗೇ ಗೊತ್ತಿಲ್ಲದಂತೆ ಅವನ ದನಿ ಇಳಿದು ಮೆತ್ತಗಾಗಿತ್ತು, ಮಲಗುವ ಮಗುವಿಗೆ ಹೇಳುವ ಕತೆಯ ಹಾಗೆ. ಗೊಣಗಾಟ ನಿಂತಿತ್ತು. ಆಮೇಲೆ ಸಂಗೀತವೂ ನಿಂತಿತು. ದೂರದಲ್ಲೆಲ್ಲೋ ಒಂದೇ ಪಿಟೀಲು ಎದ್ದಿತು.

"ಈಗ..." ಮೋಡಣ್ಣನ ಗಲ್ಲ ತಾನಾಗಿ ಮೇಲೆದ್ದಿತು. "ಈಗ ದೀಪಸ್ತಂಭ ಹೊತ್ತಿಕೊಳ್ಳುತ್ತೆ. ಅದರ ಬೆಳಕು ಒಬ್ಬ ಹುಡುಗಿಯಾಗಿ ಬರ್ತಾಳೆ. ಕತ್ತಲಲ್ಲಿ ಸುತ್ತಿ ಸುತ್ತಿ ದೋಣಿಗಳನ್ನ ಹುಡುಕ್ತಾಳೆ. ಎಲ್ಲರೂ ನೋಡಿ. ಇವಳೇ."

ಹೇಳಿ ಟೇಪಿಗೆ ಕೈಹಾಕಿ ಎಳೆದ. ಬಿಡಲಿಲ್ಲ. ಉಗುರಿನಿಂದ ಕೆರೆದ. ಬಿಡಲಿಲ್ಲ. ಕತ್ತನ್ನಷ್ಟೇ ತಿರುಗಿಸೋಣವೆಂದು ಒಂಚೂರು ಹೊರಳಿದ. ಕುಂಯ್ಯ್ಯ್! "ತಿರುಗಬೇಡ್ವೋ!" ಎಂದು ಕಡ್ಡಿಮಾಮ ಸಂಕಟದಿಂದ ಬೇಡಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲಿ ಆ ಹುಡುಗಿ ಬೆದರಿ ಹೊರಟುಹೋಗುತ್ತಾಳೋ ಎಂಬ ಭಯವಿತ್ತು.

ಮೋಡಣ್ಣ ಕೈಬಿಟ್ಟು ನಿಂತ. ಬೆನ್ನ ಹಿಂದೆ ಟಕ್, ಟಕ್ ಎಂದು ಅವಳ ಕಾಲಸದ್ದು ಕೇಳುತ್ತಿತ್ತು. ಎದುರಿಗೆ ಕಾರ್ಖಾನೆಯ ಜನರೆಲ್ಲರ ಮುಖ. ಪರದೆಯ ಬೆಳಕು ಆ ಮುಖಗಳ ಮೇಲೆ ಎಡದಿಂದ ಬಲಕ್ಕೆ ಹಾಯುತ್ತಿತ್ತು, ಅದರ ಜತೆ ಅಷ್ಟೂ ಗಲ್ಲಗಳು ಎಡದಿಂದ ಬಲಕ್ಕೆ ತಿರುಗುತ್ತಿದ್ದವು. ಅವಳು ಹತ್ತಿರ ಬಂದಿರಬೇಕು, ಎಲ್ಲರೂ ಒಂದಿಷ್ಟು ಹಿಂದಕ್ಕೆ ಸರಿದರು. ದೂರ ಹೋಗಿರಬೇಕು, ಕುರ್ಚಿಯ ತುದಿಗೆ ಬಂದರು. ಕಡ್ಡಿಮಾಮನ ಬಾಯಿ ತೆರೆದಿತ್ತು, ಎಳೆಯ ಮಗುವಿನದರ ಹಾಗೆ. ಮ್ಯಾನೇಜರ ಕಂಕುಳಲ್ಲಿ ಕೊಡೆ ಫಟ್ಟೆಂದು ಬಿಚ್ಚಿಕೊಂಡಿತು, ಒಬ್ಬರೂ ತಿರುಗಿ ನೋಡಲಿಲ್ಲ. ಹೊಲಿಗೆಯಕ್ಕನ ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಟಬ್ಬಿನ ನೀರೊಳಗೆ ಯಜಮಾನಿಯ ಹಿಮ್ಮಡಿಗಳು ಮೆಲ್ಲಗೆ ಮೇಲೆದ್ದಿದ್ದವು. ಅವರ ಮುಖದ ಮೇಲೆ, ಎಲ್ಲಿ ಕೂರಬೇಕೆಂದು ಗೊತ್ತಾಗದೆ ನಿಂತ ಹೊಸ ಅತಿಥಿಯ ಹಾಗೆ, ಒಂದು ನಗು ಇತ್ತು.

ಪಿಟೀಲು ನಿಂತಿತು. ಆಮೇಲೆ ಒಡೆದ ಚಪ್ಪಾಳೆಗೆ ಮೈಕಿನ ಕಿರುಚಾಟವೂ ಮುಳುಗಿಹೋಗುವಂತಿತ್ತು. ಮೋಡಣ್ಣ ಗಿರ್ರನೆ ತಿರುಗಿದ. ಪರದೆಯ ತುಂಬ, ಆಳೆತ್ತರಕ್ಕೆ, ಮೂರನೆಯವಳು ಬಗ್ಗಿ ವಂದಿಸುತ್ತಿದ್ದಳು. ಅವಳ ಬೈತಲೆ ಕಾಣಿಸಿತು. ನೆಟ್ಟಗಿನ, ಬಿಳಿಯ ಗೆರೆ. ಅವಳು ತಲೆಯೆತ್ತುವ ಮೊದಲೇ ಕ್ಯಾಮರಾ ನಾಯಕಿಯ ಕಡೆ ಓಡಿತು.

ಎಲ್ಲ ಮುಗಿದ ಮೇಲೆ ಯಜಮಾನಿ ಎದ್ದು ನಿಂತರು, ಒದ್ದೆ ಕಾಲಲ್ಲೇ. "ಇಂಥದ್ದು ಇನ್ನೂ ಇದೆಯಾ?" ಎಂದು ಕೇಳಿದರು.

"ಎಷ್ಟೋ ಇದೆ ಅಮ್ಮ."

"ಹಾಗಾದ್ರೆ ವಾರಕ್ಕೊಂದು ಸಂಜೆ ಇಲ್ಲೇ. ನೀನೇ ಹೇಳಬೇಕು. ನೀನು ಹೇಳದೆ ಇದ್ದಿದ್ರೆ ನನಗೆ ಯಾವುದೋ ಹುಡುಗಿ ಸುತ್ತುತ್ತಾ ಇದ್ದಾಳೆ ಅಂತ ಕಾಣ್ತಿತ್ತು ಅಷ್ಟೇ. ಬೇರೆ ಯಾರೂ ಬೇಡ."

ಜನ ಮತ್ತೆ ಚಪ್ಪಾಳೆ ತಟ್ಟಿದರು. ಟೇಪು ಬಿಡಿಸಲು ಕತ್ತರಿ ಬೇಕಾಯಿತು.

ಗೇಟಿನ ಹೊರಗೆ ಹೊಲಿಗೆಯಕ್ಕ ಅವನ ತೋಳು ಹಿಡಿದಳು. "ಮೂರನೆಯವಳು ಅಂದ್ರೆ ಇವಳೇನೋ! ಮೊದಲೇ ಹೇಳಬಾರದಾ? ನಿನ್ನ ಹೆಂಡತಿಗೆ ಏನೇನೋ ಹೇಳಿ ಕೂತಿದ್ದೀನಿ. ಏನು ಕುಣಿದಳೋ ಮಾರಾಯ! ನೋಡೋಕೆ ಪುಣ್ಯ ಬೇಕು!"

"ಹೇಗೆ ಕುಣಿದಳು ಅಕ್ಕ?" ಮೋಡಣ್ಣ ಹಸಿದವನ ಹಾಗೆ ಕೇಳಿದ. "ಶುರುವಲ್ಲಿ ಎಡಗೈ ಎಲ್ಲಿತ್ತು?"

ಹೊಲಿಗೆಯಕ್ಕ ಚೀಲ ಕೆಳಗಿಟ್ಟು, ಬೀದಿದೀಪದ ಕೆಳಗೆ ತೋರಿಸಿದಳು. "ಹಾಗಲ್ಲ, ಹೀಗೆ," ಎಂದು ಕಡ್ಡಿಮಾಮ ಬುತ್ತಿಯನ್ನು ಎದೆಗವಚಿಕೊಂಡು ಒಂದು ಸುತ್ತು ಸುತ್ತಿ ಕಂಬ ಹಿಡಿದುಕೊಂಡ. ಕರೆಂಟಿನವನು ಇನ್ನೊಂದು ಥರ ಮಾಡಿದ. ಮ್ಯಾನೇಜರ್ ದಾರಿ ಖಾಲಿಯಿದೆಯೇ ಎಂದು ಆಚೀಚೆ ನೋಡಿ, ಒಂದು ಕಾಲೆತ್ತಿದರು. ಒಬ್ಬರದು ಒಬ್ಬರಿಗೆ ಹೊಂದಲಿಲ್ಲ. ಮೋಡಣ್ಣ ಎಲ್ಲವನ್ನೂ ನೋಡಿದ. ಬಸ್ಸು ಬಂತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಕಣ್ಣು ಹೊಳೆಯುತ್ತಿತ್ತು. "ಬನ್ನಿ ಬನ್ನಿ. ಕಾರ್ಖಾನೆಯಿಂದ ಫೋನ್ ಬಂತು, ಎಲ್ಲರೂ ತಡ ಅಂತ. ಪಾಪ, ನಿಮಗೆ ತಪ್ಪಿಹೋಗುತ್ತಲ್ಲ ಅನ್ನಿಸ್ತು. ನಾನೇ ಟಿ.ವಿ. ಹಾಕಿ, ಫೋನನ್ನ ಸಕ್ಕರೆ ಡಬ್ಬಿಗೆ ಒರಗಿಸಿ, ನಿಮ್ಮ ಮೂರನೆಯವಳದ್ದು ಪೂರ್ತಿ ವಿಡಿಯೋ ಮಾಡಿದ್ದೀನಿ!"

ಮೋಡಣ್ಣ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ. ಕುರ್ಚಿಗೆ ಕುಸಿದು ಫೋನು ತೆಗೆದುಕೊಂಡ. "ಪೂರ್ತಿಯಾ?"

"ಪೂರ್ತಿ. ಕನ್ನಡಕ ಸಿಗಲಿಲ್ಲ, ಹಾಗೇ ಅಂದಾಜಿನಲ್ಲಿ ಗುಂಡಿ ಒತ್ತಿದೆ."

ಪಿಟೀಲು ಎದ್ದಿತು. ಪರದೆಯ ಮೇಲೆ, ತುಂಬ ಹತ್ತಿರದಲ್ಲಿ, ಹೆಂಡತಿಯ ಮುಖ ಮೂಡಿತು. ಕ್ಯಾಮರಾ ಅವಳ ಕಡೆಗೇ ಇತ್ತು. ಸ್ವಲ್ಪ ಹೊತ್ತು ಅವಳು ಮೂಗು ತುರಿಸಿಕೊಂಡಳು. ಆಮೇಲೆ ತುರಿಸುವುದನ್ನು ಮರೆತಳು. ಕೈಯಲ್ಲಿದ್ದ ಅರ್ಧ ಮಡಚಿದ ಟವೆಲ್ಲು ಅಲ್ಲೇ ನಿಂತಿತು.

"ಅಯ್ಯಯ್ಯೋ, ನನ್ನ ಮೂತಿ!" ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅವಳೆಲ್ಲಿ? ಅಯ್ಯೋ ದೇವರೇ, ಅಳಿಸ್ರೀ ಅದನ್ನ! ಕೊಡಿ ಇಲ್ಲಿ!"

ಮೋಡಣ್ಣ ಫೋನನ್ನು ಅವಳಿಗೆ ಸಿಗದಂತೆ ಆ ಕಡೆಗೆ ಸರಿಸಿದ. ಕಿವಿ ಸಂಗೀತದ ಮೇಲಿತ್ತು, ಕಣ್ಣು ಪರದೆಯ ಮೇಲಿನ ಆ ಮುಖದ ಮೇಲಿತ್ತು.

"ತಾಳು," ಎಂದ. "ಈಗ ಎಗರ್ತಾಳೆ."

ಪರದೆಯ ಮೇಲೆ ಹೆಂಡತಿಯ ಹುಬ್ಬುಗಳು ನಿಧಾನವಾಗಿ ಮೇಲೆದ್ದವು, ಹಣೆಯ ತನಕ ಹೋದವು, ಅಲ್ಲೇ ನಿಂತವು.